ಪ್ರಶಸ್ತಿಯುಂಟು, ದತ್ತಿಯಿಲ್ಲ: ನಮ್ಮ ವ್ಯಾಪಾರಿಗಳ ಜಾಲತಾಣಗಳ ಭಾಷೆಯನ್ನು ಕುರಿತು

ಹರಿಹರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕನಾದ ಪೋಲಾಳ್ವನು ಕ್ರಿ.ಶ. 1224ರಲ್ಲಿ ಕಟ್ಟಿಸಿದನು. ಅಲ್ಲಿಯ ಶಾಸನಶಿಲೆಗಳನ್ನು ನೋಡಿದವರಿಗೆ, ಅಥವಾ ನಮ್ಮ ನಾಡಿನ ಯಾವುದೇ ಬಸದಿಯ ದಾನಶಾಸನವನ್ನು ಓದಿದವರಿಗೆ, ಅವುಗಳ ರಚನಾಕ್ರಮ ಪರಿಚಿತವೇ ಆಗಿದೆ. ಮೊದಲು ಸ್ತುತಿ, ಅನಂತರ ಅರಸನ ಮತ್ತು ದಾನಿಯ ಪ್ರಶಸ್ತಿ. ಇಲ್ಲಿ ಕವಿಗೆ ಸಂಪೂರ್ಣ ಸ್ವಾತಂತ್ರ್ಯ. ದಾನಿಯು ಮೇರುವಿಗಿಂತ ಉನ್ನತ, ಸಮುದ್ರಕ್ಕಿಂತ ಗಂಭೀರ. ಆದರೆ ಪ್ರಶಸ್ತಿ ಮುಗಿದು ದತ್ತಿಯ ಭಾಗ ಬಂದೊಡನೆ ಭಾಷೆಯ ನಡೆಯೇ ಬದಲಾಗುತ್ತದೆ. ಇಂಥ ವರ್ಷ, ಇಂಥ ತಿಥಿ, ಇಂಥ ವಾರ. ಇಷ್ಟು ಮತ್ತರು ಗದ್ದೆ, ಇಷ್ಟು ಕಂಬ ತೋಟ. ಮೂಡಲಿಗೆ ಹಳ್ಳ, ತೆಂಕಲಿಗೆ ನಟ್ಟ ಕಲ್ಲು. ಭೂಮಿಯನ್ನು ಅಳೆದದ್ದು ಯಾವ ಗಳೆಯಿಂದ ಎಂಬುದನ್ನೂ ಎಷ್ಟೋ ಶಾಸನಗಳು ತಿಳಿಸುತ್ತವೆ. ಕೊನೆಯಲ್ಲಿ, ಈ ಧರ್ಮವನ್ನು ಕೆಡಿಸಿದವನಿಗೆ ಏನಾಗುವುದೆಂಬ ಎಚ್ಚರಿಕೆ. ಹೊಗಳಿಕೆಗೆ ಒಂದು ಸ್ಥಾನ, ಲೆಕ್ಕಕ್ಕೆ ಇನ್ನೊಂದು ಸ್ಥಾನ. ಶಾಸನವನ್ನು ಬರೆಯಿಸಿದವರು ಇವೆರಡನ್ನೂ ಬೆರೆಸಲಿಲ್ಲ.

ಈ ಪೀಠಿಕೆಗೆ ಕಾರಣವುಂಟು. ದಾವಣಗೆರೆ ಮತ್ತು ಹರಿಹರದ ವ್ಯಾಪಾರಸ್ಥರು ತಮ್ಮ ಅಂಗಡಿ, ಗಿರಣಿ, ಕಾರ್ಖಾನೆಗಳ ಪರವಾಗಿ ತೆರೆದಿರುವ ಜಾಲತಾಣಗಳನ್ನು ಕೆಲವು ತಿಂಗಳುಗಳಿಂದ ನಾನು, ಗ್ರಂಥವಿಮರ್ಶೆಗೆ ಪುಸ್ತಕವನ್ನು ಓದುವಂತೆ, ಆದಿಯಿಂದ ಅಂತ್ಯದವರೆಗೆ ಓದುತ್ತ ಬಂದಿದ್ದೇನೆ. ಭಾರತದಲ್ಲಿ ಇಂಟರ್‌ನೆಟ್ ಸಾರ್ವಜನಿಕರಿಗೆ ದೊರೆತದ್ದು 1995ರ ಆಗಸ್ಟ್ 15ರಂದು. ಮೂರು ದಶಕಗಳಲ್ಲಿ ಚೌಕಿಪೇಟೆಯ ನಾಮಫಲಕವು ಕಿಸೆಯೊಳಗಿನ ಮೊಬೈಲಿಗೆ ಬಂದು ಸೇರಿದೆ. ಆದುದರಿಂದ ಜಾಲತಾಣದ ಬರವಣಿಗೆಯೂ ಒಂದು ಸಾಹಿತ್ಯಪ್ರಕಾರವೇ. ನಮ್ಮ ಮನೆಗಳಲ್ಲಿ ಅತಿ ಹೆಚ್ಚು ಹಣ ವೆಚ್ಚಮಾಡಿ ಬರೆಯಿಸಿ, ಅತಿ ಕಡಿಮೆ ಗಮನವಿಟ್ಟು ಓದುವ ಪ್ರಕಾರ ಅದು. ಅದರ ಪ್ರಧಾನ ದೋಷವನ್ನು ಮೇಲಿನ ಹೋಲಿಕೆಯಿಂದ ಹೇಳಬಹುದು: ಈ ತಾಣಗಳಲ್ಲಿ ಪ್ರಶಸ್ತಿಯ ಭಾಗವಿದೆ, ದತ್ತಿಯ ಭಾಗವಿಲ್ಲ. "ವಿಶ್ವದರ್ಜೆಯ ಗುಣಮಟ್ಟ", "ಮೂರು ತಲೆಮಾರುಗಳ ನಂಬಿಕೆ", "ಗ್ರಾಹಕರೇ ದೇವರು" ಎಂಬ ಮಾತುಗಳು ಎಲ್ಲ ಕಡೆಯೂ ಇವೆ. ಬೆಲೆ ಎಷ್ಟು, ಆ ಬೆಲೆ ಯಾವ ದಿನಾಂಕದ್ದು, ಸರಕು ಯಾವುದರಿಂದ ಆದದ್ದು, ಕೆಟ್ಟರೆ ಯಾರನ್ನು ಕೇಳಬೇಕು ಎಂಬ ವಿವರಗಳು ಅಪರೂಪ.

ಇದು ಕೇವಲ ಶೈಲಿಯ ದೋಷವಾಗಿದ್ದರೆ ನೈತಿಕ ವಿಚಾರಗಳಿಗೆ ಮೀಸಲಾದ ಈ ಪುಟಗಳಲ್ಲಿ ಅದನ್ನು ಪ್ರಸ್ತಾಪಿಸುವ ಅಗತ್ಯವಿರಲಿಲ್ಲ. ನನ್ನ ಕಣ್ಣೆದುರು ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಬಂಧುಗಳಲ್ಲೊಬ್ಬರಿಗೆ ದಾವಣಗೆರೆಯಲ್ಲಿ ಜವಳಿ ಅಂಗಡಿಯಿದೆ. ಒಂದು ಮಧ್ಯಾಹ್ನ ನಾನು ಅಲ್ಲಿ ಕುಳಿತಿದ್ದಾಗ ಹರಿಹರದಿಂದ ಒಬ್ಬ ತಾಯಿ ಮಗಳೊಂದಿಗೆ ಬಂದರು. ಮಗಳ ಮದುವೆ ಗೊತ್ತಾಗಿತ್ತು. ಮೊಬೈಲಿನಲ್ಲಿ ಅಂಗಡಿಯ ಜಾಲತಾಣವನ್ನು ತೆರೆದು ತೋರಿಸಿ, "ಅಣ್ಣಾ, ಇದು ನಿಮ್ಮ ಅಂಗಡೀದೇ ಅಲ್ವಾ? ಶುದ್ಧ ರೇಷ್ಮೆ ಸೀರೆ ಈ ರೇಟಿಗೆ ಅಂತ ಹಾಕೀರಿ" ಎಂದರು. ಆ ಬೆಲೆ ಹಿಂದಿನ ದೀಪಾವಳಿಯದು. ಚಿತ್ರದಲ್ಲಿದ್ದ ಸೀರೆ ಶುದ್ಧ ರೇಷ್ಮೆಯೂ ಆಗಿರಲಿಲ್ಲ. ಅಂಗಡಿಯ ಹುಡುಗ ಅದನ್ನು ವಿನಯದಿಂದಲೇ ತಿಳಿಸಿದ. ಆಕೆ ಜಗಳವಾಡಲಿಲ್ಲ. ಬೇರೆ ಸೀರೆಗಳನ್ನು ಕೊಂಚ ಹೊತ್ತು ನೋಡಿ, ಬೆಲೆ ಕೇಳಿ, ಮಗಳ ಮುಖವನ್ನೊಮ್ಮೆ ನೋಡಿ ಎದ್ದು ಹೋದರು. ಬಸ್ಸಿನ ಹಣ ಮತ್ತು ಒಂದು ದಿನದ ಕೂಲಿ ಹೋಯಿತೆಂಬುದಕ್ಕಿಂತ, ಮಗಳ ಎದುರಿಗೆ ಆಕೆಗಾದ ಸಂಕೋಚ ನನ್ನನ್ನು ಬಹುಕಾಲ ಕಾಡಿತು.

ಅಂಗಡಿಯ ಯಜಮಾನ ನನಗೆ ಸೋದರಳಿಯನಾಗಬೇಕು. ಸಜ್ಜನ, ಗಲ್ಲಾದ ಮುಂದೆ ನಿಂತವರಿಗೆ ಒಂದು ರೂಪಾಯಿಯ ಸುಳ್ಳನ್ನೂ ಹೇಳಿದವನಲ್ಲ. ನಾನು ಕೇಳಿದಾಗ ಅವನು ಕೊಟ್ಟ ಉತ್ತರ ಇದು: "ಮಾಮ, ಅದನ್ನ ನಾನು ಬರೆದದ್ದಲ್ಲ. ತಾಣ ಮಾಡಿಕೊಡೋ ಹುಡುಗರು ಹಾಕಿದ್ದು. ನಾನು ಅದನ್ನ ತೆರೆದು ನೋಡಿಯೇ ವರ್ಷವಾಯ್ತು."

ಈ ಉತ್ತರವೇ ಇಂದಿನ ಚರ್ಚೆಯ ಕೇಂದ್ರ. ನಮ್ಮ ಆಚಾರಗ್ರಂಥಗಳು ಒಂದು ಕ್ರಿಯೆಯ ಹೊಣೆಯನ್ನು ಮೂರು ವಿಧವಾಗಿ ಹೇಳುತ್ತವೆ: ಕೃತ, ಕಾರಿತ, ಅನುಮೋದಿತ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದನ್ನು ಒಪ್ಪಿದ್ದು. ನಮ್ಮ ಹಿಂಸೆಯ ವಿಚಾರಕ್ಕೆ ಈ ವಿಭಾಗವನ್ನು ನಾವು ಚೆನ್ನಾಗಿ ಅನ್ವಯಿಸಿಕೊಂಡಿದ್ದೇವೆ. ಅಡಿಗೆಮನೆಯಲ್ಲಿ ಆಳು ಮಾಡಿದ್ದಕ್ಕೂ ಯಜಮಾನಿ ಹೊಣೆಯೆಂದು ನಮ್ಮ ತಾಯಂದಿರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮಾತಿನ ವಿಚಾರಕ್ಕೆ ಮಾತ್ರ ಅದನ್ನು ಅನ್ವಯಿಸಲು ಮರೆತಿದ್ದೇವೆ. ಹಣಕೊಟ್ಟು ಬರೆಯಿಸಿದ ಪ್ರಶಸ್ತಿ ಕಾರಿತ. ವರ್ಷಗಟ್ಟಲೆ ನೋಡದೆ ಬಿಟ್ಟ ಹಳೆಯ ಬೆಲೆಪಟ್ಟಿ, ಅದರಿಂದ ಗಿರಾಕಿ ಬರುತ್ತಿರುವವರೆಗೂ, ಅನುಮೋದಿತ. ಬರೆದವರು ಬೇರೆಯಾಗಿರಬಹುದು, ಹೆಸರು ನಮ್ಮದು.

ದೇಶದ ಕಾನೂನು ಕೂಡ ಇದೇ ದಿಕ್ಕಿನಲ್ಲಿ ಬಂದಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿತು. ಅದರನ್ವಯ ಸ್ಥಾಪಿತವಾದ ಕೇಂದ್ರ ಪ್ರಾಧಿಕಾರವು ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿಗಳವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ವಿಧಿಸಬಲ್ಲದು. 2022ರ ಜೂನ್‌ನಲ್ಲಿ ಬಂದ ಮಾರ್ಗಸೂಚಿಯು, ಆ ಬೆಲೆಗೆ ಮಾರುವ ಸಂಭವವೇ ಇಲ್ಲದೆ ಕಡಿಮೆ ಬೆಲೆ ತೋರಿಸಿ ಕರೆಯುವುದನ್ನು ಆಮಿಷದ ಜಾಹೀರಾತೆಂದು ಗುರುತಿಸಿ ಅದಕ್ಕೆ ಕಟ್ಟುಪಾಡುಗಳನ್ನು ಹಾಕಿದೆ. ಆದರೆ ದಂಡದ ಭಯದಿಂದ ಹುಟ್ಟಿದ ಸತ್ಯಕ್ಕೆ ಆಯುಷ್ಯ ಕಡಿಮೆ. ಆದಕಾರಣ ಕಾನೂನನ್ನು ಒಂದು ಪಕ್ಕಕ್ಕಿಟ್ಟು, ನಮ್ಮದೇ ಅಳತೆಗೋಲಿನಿಂದ ಈ ಬರವಣಿಗೆಯನ್ನು ನೋಡೋಣ.

ಮೊದಲನೆಯದು ವಿಶೇಷಣಗಳ ಹಾವಳಿ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ತೂಕ ಅಳತೆಗಳ ಹೆಚ್ಚುಕಡಿಮೆಯೂ ಒಂದು. ಒಳ್ಳೆಯದರ ಹೋಲಿಕೆಯ ಕೀಳು ಸರಕನ್ನು ಒಳ್ಳೆಯದೆಂದು ದಾಟಿಸುವ ಪ್ರತಿರೂಪಕ ವ್ಯವಹಾರ ಇನ್ನೊಂದು. ಪೂರ್ವಾಚಾರ್ಯರು ಇವನ್ನು ಸುಳ್ಳಿನ ಕೆಳಗೆ ಸೇರಿಸದೆ ಕಳವಿನ ಕೆಳಗೆ ಸೇರಿಸಿದ್ದು ವಿಚಾರಾರ್ಹ. "ಅಪ್ಪಟ", "ಶ್ರೇಷ್ಠ", "ನಂಬರ್ ಒನ್" ಎಂಬ ಪದಗಳಿಗೆ ತೂಕವೇ ಇಲ್ಲವಾದ್ದರಿಂದ ಅವು ಕಳ್ಳತೂಕದ ಕಲ್ಲುಗಳಂತೆ ಕೆಲಸಮಾಡುತ್ತವೆ. ಹರಿಹರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1941ರಲ್ಲಿ ಅಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಂದು ಉಳಿದಿಲ್ಲ. ಆದರೆ ಅದರ ಲೇತ್ ಯಂತ್ರಗಳಿಂದ ಊರಿಗೆ ಬಂದ ಒಂದು ಶಿಸ್ತನ್ನು ಹಿರಿಯ ಕಾರ್ಮಿಕರು ಬಲ್ಲರು. ಲೇತ್ ಕೊಳ್ಳುವವನು ಅದು ವಿಶ್ವದರ್ಜೆಯದೇ ಎಂದು ಕೇಳುವುದಿಲ್ಲ. ಬೆಡ್ಡಿನ ಉದ್ದವೆಷ್ಟು, ಸೆಂಟರಿನ ಎತ್ತರವೆಷ್ಟು, ಸ್ಪಿಂಡಲ್ಲಿನ ವೇಗಗಳೆಷ್ಟು, ಮೋಟಾರು ಎಷ್ಟು ಅಶ್ವಶಕ್ತಿಯದು ಎಂದು ಕೇಳುತ್ತಾನೆ. ಯಂತ್ರದ ಮಾರಾಟಪತ್ರವೆಂದರೆ ಅಂಕಿಗಳ ಕೋಷ್ಟಕ. ಅಂಥ ಊರಿನ ಸಣ್ಣ ವರ್ಕ್‌ಶಾಪುಗಳ ತಾಣಗಳಲ್ಲಿಯೂ ಈಗ ಯಾವುದೋ ಪರದೇಶದ ಕಾರ್ಖಾನೆಯ ಹೊಳೆಯುವ ಚಿತ್ರವನ್ನು ಕಾಣುತ್ತೇವೆ. ತಮ್ಮ ಶೆಡ್ಡಿನ ಚಿತ್ರವಿಲ್ಲ, ತಾವು ಎಷ್ಟು ಮಿಲಿಮೀಟರಿನವರೆಗೆ ಕಡೆದುಕೊಡಬಲ್ಲೆವು ಎಂಬ ಸಾಲಿಲ್ಲ. ಆ ಒಂದು ಸಾಲಿಗಾಗಿಯೇ ಕೊಯಮತ್ತೂರಿನಿಂದಲೋ ಪುಣೆಯಿಂದಲೋ ಒಬ್ಬ ಖರೀದಿದಾರ ಹುಡುಕುತ್ತಿರಬಹುದು.

ಚಿನ್ನದ ವ್ಯಾಪಾರದಲ್ಲಿ ಇದಕ್ಕೆ ಪರಿಹಾರ ಸಿದ್ಧವಾಗಿಯೇ ಇದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಆಭರಣವನ್ನು ಆರು ಅಕ್ಷರ-ಅಂಕಿಗಳ ವಿಶಿಷ್ಟ ಸಂಖ್ಯೆಯಿಲ್ಲದೆ ಮಾರುವಂತಿಲ್ಲ. ಗ್ರಾಹಕನು ಆ ಸಂಖ್ಯೆಯನ್ನು ಭಾರತೀಯ ಮಾನಕ ಬ್ಯೂರೋದ ಆ್ಯಪ್‌ನಲ್ಲಿ ತಾನೇ ಪರೀಕ್ಷಿಸಿಕೊಳ್ಳಬಹುದು. ರೇಷ್ಮೆಗೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದ ಸಿಲ್ಕ್ ಮಾರ್ಕ್ ಇದೆ. ಇವನ್ನು ನೋಡಿಕೊಳ್ಳುವ ಬಗೆಯನ್ನು ನಾಲ್ಕು ಸಾಲುಗಳಲ್ಲಿ ಕನ್ನಡದಲ್ಲಿ ತಿಳಿಸಿದ ತಾಣವು, "ಪರಿಶುದ್ಧತೆಯ ಪರ್ಯಾಯನಾಮ" ಎಂದು ಬರೆದುಕೊಂಡ ತಾಣಕ್ಕಿಂತ ಹೆಚ್ಚು ಸತ್ಯ ಮಾತ್ರವಲ್ಲ, ಹೆಚ್ಚು ಪರಿಣಾಮಕಾರಿಯೂ ಹೌದು. ಗಿರಾಕಿಯ ಕೈಗೆ ಅಳತೆಗೋಲನ್ನು ಕೊಟ್ಟವನನ್ನು ಗಿರಾಕಿ ನಂಬುತ್ತಾನೆ.

ಎರಡನೆಯದು ಷರತ್ತುಗಳ ಸ್ಥಾನ. ಸ್ಯಾದ್ವಾದವನ್ನು ಜಗತ್ತಿಗೆ ಕೊಟ್ಟ ಪರಂಪರೆ ನಮ್ಮದು. ಅದರಲ್ಲಿ 'ಸ್ಯಾತ್' ಎಂಬ ಪದವು ವಾಕ್ಯದ ಆರಂಭದಲ್ಲಿಯೇ ನಿಲ್ಲುತ್ತದೆ. ಮುಂದೆ ಹೇಳುವ ಮಾತು ಒಂದು ಅಪೇಕ್ಷೆಯಿಂದ ಮಾತ್ರ ನಿಜ ಎಂಬ ಎಚ್ಚರಿಕೆಯನ್ನು ಕೊಟ್ಟೇ ಮಾತು ಹೊರಡುತ್ತದೆ. ಜಾಹೀರಾತು ಇದರ ತದ್ವಿರುದ್ಧ. "ಶೇಕಡ 50 ರಿಯಾಯಿತಿ" ಎಂಬುದು ಆನೆಯಷ್ಟು. ಅದರ ಮೇಲೊಂದು ನಕ್ಷತ್ರ. ಪುಟದ ಬುಡದಲ್ಲಿ ಇರುವೆಯಷ್ಟು ಅಕ್ಷರಗಳಲ್ಲಿ "ಷರತ್ತುಗಳು ಅನ್ವಯಿಸುತ್ತವೆ". ಮೇಲಿನ ಮಾತು ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ. 2022ರ ಮಾರ್ಗಸೂಚಿಯು, ಷರತ್ತಿನ ಮಾತು ಘೋಷಣೆಯ ಭಾಷೆಯಲ್ಲಿಯೇ, ಅದೇ ಅಕ್ಷರವಿನ್ಯಾಸದಲ್ಲಿಯೇ ಇರಬೇಕೆನ್ನುತ್ತದೆ. ಸ್ಯಾದ್ವಾದದ ಪಾಠಶಾಲೆಗಳನ್ನು ನಡೆಸುವ ಸಮಾಜಕ್ಕೆ ಇದನ್ನು ಸರ್ಕಾರ ಹೇಳಿಕೊಡಬೇಕಾಗಿ ಬಂದದ್ದು ಹೆಮ್ಮೆಯ ಸಂಗತಿಯಲ್ಲ. "ಹಳೆಯ ಸರಕಿನ ಮೇಲೆ ಮಾತ್ರ, ಈ ತಿಂಗಳ 30ರವರೆಗೆ, ಶೇಕಡ 50 ರಿಯಾಯಿತಿ" ಎಂದು ಒಂದೇ ಉಸಿರಿನಲ್ಲಿ ಬರೆದರೆ ಮಾತಿಗೆ ಯಾವ ನಷ್ಟವೂ ಇಲ್ಲ.

ಮೂರನೆಯದು ಕೂಟಲೇಖ. ಹಿಂದೆ ಇದಕ್ಕೆ ಸುಳ್ಳು ಪತ್ರ, ಸುಳ್ಳು ಮುದ್ರೆ ಎಂದು ಅರ್ಥ ಹೇಳುತ್ತಿದ್ದರು. ಇಂದಿನ ಕೂಟಲೇಖವೆಂದರೆ ಅಂಗಡಿಯವರೇ ಗ್ರಾಹಕರ ವೇಷದಲ್ಲಿ ಬರೆದುಕೊಂಡ ಮೆಚ್ಚುಗೆ. ಒಂದೇ ದಿನ, ಒಂದೇ ಮಾದರಿಯ ಮಾತಿನಲ್ಲಿ ಹತ್ತಾರು ಜನ ಐದು ನಕ್ಷತ್ರಗಳನ್ನು ಕೊಟ್ಟಿರುವುದನ್ನು ನೋಡಿದರೆ ಓದುಗನಿಗೆ ಸಂಶಯ ಬಾರದಿರದು. ಇದನ್ನು ತಡೆಯಲು 2020ರ ಇ-ವಾಣಿಜ್ಯ ನಿಯಮಗಳು ನಿಷೇಧ ವಿಧಿಸಿವೆ. 2022ರಲ್ಲಿ ಭಾರತೀಯ ಮಾನಕ ಬ್ಯೂರೋ ಗ್ರಾಹಕರ ಅಭಿಪ್ರಾಯಗಳಿಗಾಗಿಯೇ ಪ್ರತ್ಯೇಕ ಮಾನಕವನ್ನು ಪ್ರಕಟಿಸಿತು. "ಇನ್ನು ಎರಡೇ ಉಳಿದಿವೆ", "ಹತ್ತು ನಿಮಿಷ ಮಾತ್ರ" ಎಂಬ ಸುಳ್ಳು ಅವಸರವೂ ಇದೇ ಜಾತಿಯದು. 2023ರ ನವೆಂಬರ್‌ನಲ್ಲಿ ಕೇಂದ್ರ ಪ್ರಾಧಿಕಾರವು ಹೆಸರಿಸಿ ತಡೆದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಅದೂ ಸೇರಿದೆ. ಒಂದೆರಡು ಕಹಿಮಾತುಗಳನ್ನು ಅಳಿಸದೆ ಉಳಿಸಿ, ಅವುಗಳ ಕೆಳಗೆ "ತಪ್ಪಾಯಿತು, ಸರಕನ್ನು ಬದಲಾಯಿಸಿಕೊಟ್ಟಿದ್ದೇವೆ" ಎಂದು ಬರೆದ ಅಂಗಡಿಯೇ ನಿಜವಾದ ಅಂಗಡಿಯೆಂದು ಗ್ರಾಹಕ ಗುರುತಿಸುತ್ತಾನೆ.

ನಾಲ್ಕನೆಯದು ನ್ಯಾಸಾಪಹಾರ; ಇಟ್ಟ ಒತ್ತೆಯನ್ನು ನುಂಗುವುದು. ಒತ್ತೆ ಎಂದೊಡನೆ ನಮಗೆ ಬೆಳ್ಳಿಬಂಗಾರ ನೆನಪಾಗುತ್ತದೆ. ಆದರೆ ಬೆಲೆ ವಿಚಾರಿಸಲು ಬಂದವಳು ತಾಣದ ಅರ್ಜಿಯಲ್ಲಿ ತುಂಬಿದ ದೂರವಾಣಿ ಸಂಖ್ಯೆಯೂ ಒಂದು ನ್ಯಾಸ. ಅದನ್ನು ಆಕೆ ಕೊಟ್ಟದ್ದು ಒಂದು ಸೀರೆಯ ಬೆಲೆ ತಿಳಿಯಲು. ಅದು ಚೀಟಿ ಕಂಪನಿಗೂ ನಿವೇಶನ ಮಾರುವವರಿಗೂ ದಾಟಿ, ಹಗಲಿಡೀ ಆಕೆಯ ಫೋನು ಬಾರಿಸಿದರೆ ಒತ್ತೆಯನ್ನು ಮಾರಿಕೊಂಡಂತೆಯೇ ಆಯಿತು. 2023ರಲ್ಲಿ ಅಂಗೀಕೃತವಾದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯ ಸಾರವೂ ಇಷ್ಟೇ: ಯಾವ ಉದ್ದೇಶಕ್ಕೆ ಪಡೆದೆಯೋ ಆ ಉದ್ದೇಶಕ್ಕೆ ಮಾತ್ರ ಬಳಸು. ಗುಟ್ಟನ್ನು ಬಯಲುಮಾಡುವುದೂ ಸತ್ಯಾಣುವ್ರತದ ಅತಿಚಾರವೇ. ಮದುವೆಗೆ ಒಡವೆ ಕೊಂಡ ಕುಟುಂಬದ ಚಿತ್ರವನ್ನು ಕೇಳದೆಯೇ ತಾಣದಲ್ಲಿ ಹಾಕುವ ಮೊದಲು ಈ ಮಾತು ನೆನಪಿರಲಿ.

ಇಲ್ಲಿ ದೇವಾಲಯಗಳ ಟ್ರಸ್ಟುಗಳೂ ತಮ್ಮ ತಾಣವನ್ನು ತೆರೆದು ನೋಡಬೇಕಾಗಿದೆ. ಅಲ್ಲಿ ಮಾರಾಟವಿಲ್ಲವೆಂಬುದು ನಿಜ, ಆದರೆ ಮನವಿ ಇದೆ. ಹಿಂದಿನ ಸಾಲಿನ ಪದಾಧಿಕಾರಿಗಳ ಹೆಸರು ಮತ್ತು ಸಂಖ್ಯೆ ಇನ್ನೂ ಉಳಿದಿದ್ದರೆ, ಪರವೂರಿನಿಂದ ಹಣ ಕಳುಹಿಸುವ ಭಕ್ತನು ಯಾರಿಗೆ ಕಳುಹಿಸಿದಂತಾಯಿತು? ತೆರಿಗೆ ವಿನಾಯಿತಿಯ ನೋಂದಣಿಗೆ 2021ರಿಂದ ಅವಧಿಯ ಮಿತಿ ಬಂದಿದೆ; ಅವಧಿ ತೀರಿದ ಸಂಖ್ಯೆಯನ್ನು ಹಾಗೆಯೇ ಬಿಡುವುದು ದಾನಿಗೆ ಮಾಡುವ ಅನ್ಯಾಯ. ದಾನಿಗಳ ಪಟ್ಟಿಯಲ್ಲಿ ಮನೆಯ ವಿಳಾಸವನ್ನೂ ಫೋನ್ ಸಂಖ್ಯೆಯನ್ನೂ ಲೋಕಕ್ಕೆಲ್ಲ ತೋರಿಸುವ ಅಗತ್ಯವೇನು? ಬಂದ ಹಣವೆಷ್ಟು, ಜೀರ್ಣೋದ್ಧಾರಕ್ಕೆ ವೆಚ್ಚವಾದದ್ದೆಷ್ಟು ಎಂಬ ಲೆಕ್ಕವನ್ನು ವರ್ಷಕ್ಕೊಮ್ಮೆ ಪ್ರಕಟಿಸಿದರೆ ಪ್ರತ್ಯೇಕ ಮನವಿಯೇ ಬೇಕಾಗದು.

"ಇಷ್ಟೆಲ್ಲ ಶುದ್ಧವಾಗಿದ್ದರೆ ವ್ಯಾಪಾರ ನಡೆಯುವುದೇ? ದೊಡ್ಡ ಕಂಪನಿಗಳು ಕೋಟ್ಯಂತರ ಸುರಿದು ಕೂಗುತ್ತಿರುವಾಗ ನಾವು ಪಿಸುಗುಟ್ಟಬೇಕೇ?" ಎಂದು ಕೇಳುವವರಿದ್ದಾರೆ. ಪ್ರಶ್ನೆ ಹಗುರವಾದುದಲ್ಲ. ಬಾಡಿಗೆ, ಸಂಬಳ, ಸಾಲದ ಬಡ್ಡಿ ಯಾರನ್ನೂ ಬಿಡುವುದಿಲ್ಲ. ಇದಕ್ಕೆ ನನ್ನ ಉತ್ತರ ಎರಡು. ದಾವಣಗೆರೆಯ ಬೆಣ್ಣೆ ದೋಸೆಯ ಹೆಸರು ಯಾರ ಜಾಹೀರಾತಿನಿಂದ ಬೆಂಗಳೂರಿನ ಬೀದಿಗಳವರೆಗೆ ಹೋಯಿತು? ತಿಂದವರ ಬಾಯಿಂದ. ಇಂದು ಆ ಹೆಸರಿನ ಫಲಕ ಊರೂರುಗಳಲ್ಲಿದೆ. ಆದರೆ ಫಲಕ ನೋಡಿ ಒಳಹೊಕ್ಕವನು ಎರಡನೆಯ ಸಲ ಬರುವುದು ದೋಸೆಗಾಗಿಯೇ ಹೊರತು ಫಲಕಕ್ಕಾಗಿ ಅಲ್ಲ. ಸುಳ್ಳು ಪ್ರಚಾರ ಗಿರಾಕಿಯನ್ನು ಒಮ್ಮೆ ಮಾತ್ರ ತರಬಲ್ಲದು.

ಎರಡನೆಯ ಉತ್ತರ ಪ್ರಾಮಾಣಿಕ ವ್ಯಾಪಾರಿಗಳಿಗೆ ತುಸು ಕಹಿಯಾಗಬಹುದು. ಸತ್ಯವನ್ನು ಹೇಳಿದರೆ ಸಾಲದು, ಅದನ್ನು ಕೇಳುವವನಿಗೆ ಮುಟ್ಟಿಸಬೇಕು. ಶ್ರಾವಕನ ಮಾತು ಹಿತವೂ ಮಿತವೂ ಪ್ರಿಯವೂ ಆಗಿರಬೇಕೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಒಳ್ಳೆಯ ಜಾಲತಾಣಕ್ಕೆ ಇದಕ್ಕಿಂತ ಉತ್ತಮ ಸೂತ್ರ ನನಗೆ ತಿಳಿಯದು. ಹಿತವೆಂದರೆ ಗ್ರಾಹಕನಿಗೆ ಬೇಕಾದುದು: ಸರಕು, ಬೆಲೆ, ತೆರೆಯುವ ಮುಚ್ಚುವ ಹೊತ್ತು, ದಾರಿ. ಮಿತವೆಂದರೆ ಸಣ್ಣ ಮೊಬೈಲಿನಲ್ಲಿ ಎರಡು ಸಲ ಬೆರಳಾಡಿಸುವುದರೊಳಗೆ ಅದು ಸಿಗುವುದು. ಪ್ರಿಯವೆಂದರೆ ಅವನ ಭಾಷೆಯಲ್ಲಿ ಇರುವುದು. ಹೊನ್ನಾಳಿಯಿಂದಲೋ ಜಗಳೂರಿನಿಂದಲೋ ಬರುವ ರೈತ ಕುಟುಂಬವನ್ನು ನಂಬಿ ಬದುಕುವ ಅಂಗಡಿಯು ಕೇವಲ ಇಂಗ್ಲಿಷಿನಲ್ಲಿ ತನ್ನ ಪರಿಚಯ ಮಾಡಿಕೊಳ್ಳುವುದು ಗಲ್ಲಾದ ಮುಂದೆ ನಿಂತು ಮುಖ ತಿರುಗಿಸಿದಂತೆ. ಕನ್ನಡವನ್ನು ಚಿತ್ರವಾಗಿ ಅಂಟಿಸದೆ ಅಕ್ಷರವಾಗಿಯೇ ಬರೆದರೆ ಮಾತ್ರ, ಹುಡುಕುವವನಿಗೆ ಅದು ಸಿಗುತ್ತದೆ ಎಂಬುದನ್ನೂ ಗಮನಿಸಬೇಕು.

ನಿರ್ವಹಣೆಯ ಬಗೆಗೆ ಕೆಲವು ಮಾತುಗಳನ್ನು ಹೇಳಿ ಮುಗಿಸುತ್ತೇನೆ. ತಾಣದ ವಿಳಾಸ, ಎಂದರೆ ಡೊಮೈನ್ ಹೆಸರು, ಕಟ್ಟಿಕೊಟ್ಟವರ ಹೆಸರಿನಲ್ಲಿರದೆ ಅಂಗಡಿಯ ಅಥವಾ ಟ್ರಸ್ಟಿನ ಹೆಸರಿನಲ್ಲಿಯೇ ನೋಂದಣಿಯಾಗಿರಬೇಕು. ಬಾಡಿಗೆ ಕರಾರಿನಂತೆ ಅದನ್ನೂ ಕಾಲಕಾಲಕ್ಕೆ ನವೀಕರಿಸಬೇಕು, ಇಲ್ಲವಾದರೆ ಅವಧಿ ತೀರಿದ ಹೆಸರನ್ನು ಬೇರೆಯವರು ಕೊಂಡು ನಮ್ಮ ಹೆಸರಿನಲ್ಲಿಯೇ ಮತ್ತೇನನ್ನೋ ಮಾರಬಹುದು. ಪಾಸ್‌ವರ್ಡು ಒಬ್ಬ ನೌಕರನ ನೆನಪಿನಲ್ಲಿ ಮಾತ್ರ ಇರಬಾರದು. ಪ್ರತಿಯೊಂದು ಬೆಲೆಯ ಪಕ್ಕದಲ್ಲಿ ದಿನಾಂಕವಿರಲಿ. ಶಾಸನದ ಕೊನೆಯ ಎಚ್ಚರಿಕೆಯ ಸ್ಥಾನದಲ್ಲಿ, ದೂರು ಕೇಳುವ ಒಬ್ಬರ ಹೆಸರು ಮತ್ತು ಸಂಖ್ಯೆ ಇರಲಿ. ಜಾಲದ ಮೂಲಕ ಮಾರುವವರು ದೂರನ್ನು 48 ಗಂಟೆಗಳೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕೆಂಬುದು 2020ರ ನಿಯಮವೂ ಹೌದು.

ಎಲ್ಲಕ್ಕಿಂತ ಸುಲಭವಾದ ಪರೀಕ್ಷೆಯೊಂದಿದೆ, ಅದಕ್ಕೆ ಖರ್ಚಿಲ್ಲ. ತಿಂಗಳಿಗೊಮ್ಮೆ ಅಂಗಡಿ ತೆರೆದ ಹೊತ್ತಿನಲ್ಲಿ ಯಜಮಾನನು ಗಲ್ಲಾದ ಮೇಲೆ ಕುಳಿತು ತನ್ನ ತಾಣವನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಲಿ. ಎದುರಿಗೆ ಒಬ್ಬ ಗಿರಾಕಿ ನಿಂತಿದ್ದಾನೆಂದು ಭಾವಿಸಿ, ಅವನ ಮುಖ ನೋಡಿ ಹೇಳಲಾಗದ ಸಾಲು ಬಂದಲ್ಲಿ ನಿಲ್ಲಿಸಿ, ಅದನ್ನು ತೆಗೆಸಲಿ. ನನ್ನ ಸೋದರಳಿಯನು ಹೀಗೆ ಓದಿದ ದಿನ ಮೂರನೆಯ ಸಾಲಿನಲ್ಲಿಯೇ ನಿಂತನು. ಈಗ ಆ ತಾಣ ಮೊದಲಿಗಿಂತ ಬಹಳ ಚಿಕ್ಕದಾಗಿದೆ. ಸೀರೆಯ ಚಿತ್ರದ ಕೆಳಗೆ ನೂಲು ಯಾವುದು, ಬೆಲೆ ಎಷ್ಟು, ಯಾವ ದಿನದವರೆಗೆ ಎಂದು ಬರೆದಿದೆ. ದೂರದಿಂದ ಬರುವವರು ಹೊರಡುವ ಮುನ್ನ ಫೋನುಮಾಡಿ ಸರಕು ಇದೆಯೇ ಎಂದು ಕೇಳಿಕೊಳ್ಳಬೇಕೆಂಬ ವಿನಂತಿಯೂ ಇದೆ. ಹರಿಹರದ ಆ ತಾಯಿ ಮತ್ತೆ ಬರಲಿಲ್ಲ. ಅವರ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಅಂದು ಯಾರೂ ಬರೆದುಕೊಂಡಿರಲಿಲ್ಲವಾದ್ದರಿಂದ, ಕ್ಷಮೆ ಕೇಳುವ ದಾರಿಯೂ ನಮಗೆ ಉಳಿದಿಲ್ಲ.